ಮೇಷ್ಟ್ರ ಆಲ್ಬಮ್ಮಿಗೆ ಆರಾಣೆ

ಮೊದಲೇ ಹೇಳಿಬಿಡುತ್ತೇನೆ, ಆ ಆಲ್ಬಮ್ಮಿಗೆ ನಾನು ಕೊಟ್ಟಿದ್ದು ಆರಾಣೆ. ಹದಿನಾರಕ್ಕೆ ಆರು. ಇವತ್ತು ಎಬ್ಬಿಸಿ ಕೇಳಿದರೂ ಆರೇ. ಚಳ್ಳಕೆರೆಯಲ್ಲಿ ಈ ವಿಷಯ ಗೊತ್ತಿರುವ ನಾಲ್ಕಾರು ಜನ ನನ್ನನ್ನು ಕಂಡರೆ ಇವಳೇ ತಾನೇ ಅವಳು ಎಂಬಂತೆ ನೋಡುತ್ತಾರೆ. ನೋಡಲಿ. ಆಗಿದ್ದೇನು ಅಂತ ಅವರಲ್ಲಿ ಒಬ್ಬರೂ ನನ್ನನ್ನು ಕೇಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮೊಳಕಾಲ್ಮುರಿನ ನೇಕಾರಳು. ಹತ್ತನೇ ಕ್ಲಾಸು ಮುಗಿಸಿದ ಮೇಲೆ ಹನ್ನೊಂದು ವರ್ಷ ಪವರ್‌ಲೂಮ್ ಷೆಡ್ಡಿನಲ್ಲಿ ದುಡಿದೆ. ಆಮೇಲೆ ಗಂಡನ ಮನೆಯ ಕೈಮಗ್ಗಕ್ಕೆ ಕೂತೆ. ಈಗಲೂ ಅಲ್ಲೇ ಕೂತು ರೇಷ್ಮೆ ಸೀರೆ ನೇಯುತ್ತೇನೆ. ನೇಕಾರಳು ಅಂತ ಗೊತ್ತಾದ ತಕ್ಷಣ ಜನ ಒಂದು ಆಸೆ ಇಟ್ಟುಕೊಳ್ಳುತ್ತಾರೆ. ನಾನು ಹಾಡನ್ನು ಸೀರೆಗೆ ಹೋಲಿಸಿ, ರಾಗವನ್ನು ನೂಲಿಗೆ ಹೋಲಿಸಿ ಏನಾದರೂ ಚೆಂದದ ಮಾತು ಹೇಳಲಿ ಅಂತ ಕಾಯುತ್ತಾರೆ. ನಾನು ಹೇಳುವುದಿಲ್ಲ. ಹಾಡು ಹಾಡೇ, ಸೀರೆ ಸೀರೆಯೇ. ಸೀರೆ ನೇಯ್ದು ಸಾಕಾಗಿ ಹಾಡು ಕೇಳಲು ಹೋದವಳು ಅಲ್ಲೂ ಸೀರೆಯ ಮಾತಾಡಬೇಕೇ?

ನಮ್ಮ ಗುಂಪು ನಾಲ್ಕೇ ಜನರದ್ದು. ಎರಡು ವಾರಕ್ಕೊಮ್ಮೆ ಭಾನುವಾರ ಮಧ್ಯಾಹ್ನ ಚಳ್ಳಕೆರೆಯಲ್ಲಿ ಸೇರುತ್ತೇವೆ. ಮದುವೆ ಮುಂಜಿಗಳಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುವ ಅಂಗಡಿಯೊಂದರ ಹಿಂದಿನ ಕೋಣೆ ನಮ್ಮ ಜಾಗ. ಅಂಗಡಿಯ ಯಜಮಾನರನ್ನು ಎಲ್ಲರೂ ಭಾಯಿ ಅನ್ನುತ್ತೇವೆ. ಅವರ ಹತ್ತಿರ ಇರುವಂಥ ಸ್ಪೀಕರು ಊರಲ್ಲಿ ಇನ್ನೊಬ್ಬರ ಹತ್ತಿರ ಇಲ್ಲ. ಮುಹೂರ್ತಗಳು ಜೋರಾಗಿರುವ ತಿಂಗಳಲ್ಲಿ ಆ ಸ್ಪೀಕರುಗಳೆಲ್ಲ ಮದುವೆಮನೆಗಳಿಗೆ ಹೋಗಿಬಿಡುತ್ತವೆ, ಆಗ ನಮಗೂ ರಜೆ. ಇನ್ನೊಬ್ಬಳು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು, ರಾಂಪುರದ ಕಡೆಯ ಹುಡುಗಿ. ಅವಳನ್ನು ಸಿಸ್ಟರ್ ಅಂತಲೇ ಕರೆಯುವುದು. ಉಳಿದವರು ಮೇಷ್ಟ್ರು. ಹೈಸ್ಕೂಲಿನಲ್ಲಿ ಕನ್ನಡ ಹೇಳುತ್ತಿದ್ದವರು, ನಿವೃತ್ತರಾಗಿ ಚಳ್ಳಕೆರೆಯಲ್ಲಿ ಮನೆ ಕಟ್ಟಿಕೊಂಡವರು. ಮೊಳಕಾಲ್ಮುರಿನಲ್ಲಿ ನನಗೂ ಎರಡು ವರ್ಷ ಪಾಠ ಮಾಡಿದ್ದರು.

ನಾವು ಮಾಡುವುದು ಇಷ್ಟೇ. ಪ್ರತಿ ಸಲ ಒಬ್ಬರು ಒಂದು ಆಲ್ಬಂ ಸೂಚಿಸುತ್ತಾರೆ. ಎಲ್ಲರೂ ಅದನ್ನು ಮೊದಲಿನಿಂದ ಕೊನೆಯವರೆಗೆ, ಒಂದು ಹಾಡನ್ನೂ ಹಾರಿಸದೆ, ಇರುವ ಕ್ರಮದಲ್ಲೇ ಕೇಳಿಕೊಂಡು ಬರಬೇಕು. ಕೋಣೆಯಲ್ಲಿ ಮತ್ತೆ ಸ್ವಲ್ಪ ಕೇಳಿ, ಜಗಳವಾಡಿ, ಆಣೆ ಹಾಕುತ್ತೇವೆ. ಈ ಆಣೆಯ ಲೆಕ್ಕ ಮೇಷ್ಟ್ರು ತಂದಿದ್ದು. ಸ್ಟಾರ್ ಕೊಡೋದು ಹೋಟ್ಲಿಗೆ, ಹಾಡಿಗೆ ಆಣೆ ಕೊಡಬೇಕು ಅನ್ನುತ್ತಿದ್ದರು. ಹದಿನಾರಾಣೆ ಅಂದರೆ ಪೂರ್ತಿ. ಮೂರು ವರ್ಷದಲ್ಲಿ ಯಾರೂ ಯಾವುದಕ್ಕೂ ಹದಿನಾರು ಕೊಟ್ಟಿಲ್ಲ. ಹಿರಿಯರ ಮಾತು ಕೇಳಿ ಕಿರಿಯರು ಮನಸ್ಸು ಬದಲಿಸಬಾರದು ಅಂತ ಕಿರಿಯರೇ ಮೊದಲು ಹೇಳಬೇಕು. ಅವರವರ ಆಣೆಯನ್ನು ಅವರವರ ಕೈಯಲ್ಲೇ ಪುಸ್ತಕದಲ್ಲಿ ಬರೆಯಬೇಕು, ಪೆನ್ನಿನಲ್ಲಿ. ಬರೆದ ಮೇಲೆ ತಿದ್ದುವಂತಿಲ್ಲ. ಇದೂ ಮೇಷ್ಟ್ರ ಕಾನೂನೇ. ಮುಲಾಜಿಗೆ ಕೊಟ್ಟ ಆಣೆ ಖೋಟಾ ಆಣೆ ಅಂತ ಅವರು ಹೇಳಿದ್ದನ್ನು ನಾನು ಕಿವಿಯಾರೆ ಎಷ್ಟು ಸಲ ಕೇಳಿದ್ದೇನೋ.

ನಾನು ಗುಂಪು ಸೇರಿದ್ದು ಬಸ್ಸಿನಲ್ಲಿ. ಡ್ರೈವರು ಹಾಕಿದ್ದ ಹಾಡಿನಲ್ಲಿ ಎರಡನೇ ಚರಣವನ್ನೇ ಯಾರೋ ಕತ್ತರಿಸಿದ್ದರು. ನಾನು ಗೊಣಗಿದೆ. ಮುಂದಿನ ಸೀಟಿನಲ್ಲಿದ್ದ ಮುದುಕರು ತಿರುಗಿ ನೋಡಿದರು. "ಸರಿಯಾಗಿ ಹೇಳಿದೆ ಕಣವ್ವ" ಅಂದರು. ಆಮೇಲೆ ನನ್ನ ಗುರುತು ಹತ್ತಿ, "ನೀನು ಮೂರನೇ ಬೆಂಚಿನವಳಲ್ವಾ, ಪದ್ಯ ಅಂದ್ರೆ ಎದ್ದು ನಿಲ್ತಿದ್ದೆ" ಅಂದರು. ಚಳ್ಳಕೆರೆ ಬರುವಷ್ಟರಲ್ಲಿ ನಾನು ನಾಲ್ಕನೆಯ ಸದಸ್ಯೆ ಆಗಿದ್ದೆ.

ಮನೆಯಲ್ಲಿ ನಗಾಡಿದರು. ಹಾಡು ಫೋನಿನಲ್ಲೇ ಬರುವಾಗ ಬಸ್ ಹತ್ತಿ ಹೋಗಿ ಕೇಳುವುದೇನು ಅಂತ ಗಂಡ ಕೇಳಿದ. ಅತ್ತೆಯ ಮನೆಮಾತು ತೆಲುಗು. "ಪಾಟಲ ಪಿಚ್ಚಿ" ಅಂದರು. ಹಾಡಿನ ಹುಚ್ಚು ಅಂತ. ಹೌದು, ಹುಚ್ಚೇ. ಆದರೆ ನನ್ನ ಬದುಕಿನಲ್ಲಿ ಯಾವುದನ್ನು ನಾನು ನಿರ್ಧಾರ ಮಾಡಿದ್ದೇನೆ? ಸೀರೆಯ ಬಣ್ಣ ಅಂಗಡಿಯವನು ಹೇಳುತ್ತಾನೆ, ಅಂಚು ಅವನೇ ಹೇಳುತ್ತಾನೆ, ಯಾವಾಗ ಮುಗಿಯಬೇಕು ಅಂತಲೂ ಅವನೇ. ಮನೆಯಲ್ಲಿ ಏನು ಸಾರು ಅನ್ನುವುದನ್ನು ಅತ್ತೆ ಹೇಳುತ್ತಾರೆ. ನಿನಗೆ ಏನನ್ನಿಸಿತು ಅಂತ ಕೇಳಿ, ಉತ್ತರ ಮುಗಿಯುವವರೆಗೆ ಮೂರು ಜನ ಸುಮ್ಮನೆ ಕೂರುವ ಜಾಗ ನನಗೆ ಆ ಕೋಣೆ ಒಂದೇ. ಆ ಕೋಣೆಯನ್ನು ಕಳೆದುಕೊಳ್ಳುವುದು ಅಂದರೆ ಏನು ಅಂತ ನನಗೆ ಚೆನ್ನಾಗಿ ಗೊತ್ತಿತ್ತು.

ಎಂಥೆಂಥ ಜಗಳ ಆಡಿದ್ದೇವೆ. ಭಾಯಿ ತಂದ ಕವ್ವಾಲಿಯ ಆಲ್ಬಂ ಒಂದಕ್ಕೆ ಸಿಸ್ಟರ್ ಏಳಾಣೆ ಕೊಟ್ಟಳು, ಚಪ್ಪಾಳೆ ಜಾಸ್ತಿ ಆಯ್ತು ಅಂತ. ಭಾಯಿ ಆಮೇಲಿನ ಎರಡು ಸಲವೂ ಅವಳಿಗೆ ಚಹಾ ಸಕ್ಕರೆ ಕಡಿಮೆ ಮಾಡಿ ಕೊಟ್ಟರು. ಉತ್ತರ ಕರ್ನಾಟಕದ ಹುಡುಗರ ರ‍್ಯಾಪ್ ಆಲ್ಬಮ್ಮಿಗೆ ಸಿಸ್ಟರ್ ಹದಿಮೂರು, ಮೇಷ್ಟ್ರು ನಾಲ್ಕು. ಬೈಗುಳವನ್ನು ತಾಳಕ್ಕೆ ಹೇಳಿದ್ರೆ ಅದು ಹಾಡಾಗುತ್ತಾ ಅಂತ ಮೇಷ್ಟ್ರು ರೇಗಿದರು. ನೀವು ಕ್ಲಾಸಲ್ಲಿ ಬೈತಿದ್ದಿದ್ದಕ್ಕೆ ತಾಳ ಇರಲಿಲ್ಲ ಬಿಡಿ ಸಾ ಅಂತ ನಾನು ಅಂದೆ. ಅವರೇ ಎಲ್ಲರಿಗಿಂತ ಜೋರಾಗಿ ನಕ್ಕರು.

ನನ್ನಿಂದಲೂ ಒಂದು ಕಾನೂನು ಬಂದಿದೆ, ಅದೂ ಒಂದು ತಪ್ಪಿನಿಂದ. ಸೇರಿದ ಹೊಸದರಲ್ಲಿ ಒಂದು ತೆಲುಗು ಆಲ್ಬಮ್ಮಿಗೆ ನಾನು ಹದಿನಾಲ್ಕಾಣೆ ಕೊಟ್ಟುಬಿಟ್ಟೆ. ನೇಯುತ್ತ ಕೇಳಿದ್ದೆ. ಅದರ ತಾಳ ನನ್ನ ಮಗ್ಗದ ಏಟಿಗೆ ಸರಿಯಾಗಿ ಕೂತಿತ್ತು. ಕಾಲು ತಾನಾಗಿ ತುಳಿಯಿತು, ಲಾಳಿ ತಾನಾಗಿ ಓಡಿತು, ಆ ದಿನ ಒಂದು ಮೊಳ ಹೆಚ್ಚೇ ನೇಯ್ದೆ. ಖುಷಿಯಾಗಿ ಹದಿನಾಲ್ಕು ಬರೆದೆ. ಬರೆದ ಮೇಲೆ ಕೋಣೆಯಲ್ಲಿ ಕೈಕಟ್ಟಿ ಕೂತು ಅದೇ ಹಾಡುಗಳನ್ನು ಇನ್ನೊಮ್ಮೆ ಕೇಳಿದಾಗ ನಾಚಿಕೆಯಾಯಿತು. ಒಳಗೆ ಏನೂ ಇರಲಿಲ್ಲ, ಬರೀ ಏಟು. ನಾನು ಮೆಚ್ಚಿದ್ದು ನನ್ನ ಮಗ್ಗವನ್ನೇ ಹೊರತು ಹಾಡನ್ನಲ್ಲ. ಅಂದಿನಿಂದ ನಮ್ಮಲ್ಲಿ ಎಲ್ಲರೂ ಎರಡು ಸಲ ಕೇಳಬೇಕು. ಕೈ ಆಡುವಾಗ ಒಂದು ಸಲ, ಕೈ ಕಟ್ಟಿ ಒಂದು ಸಲ. ಆ ಹದಿನಾಲ್ಕು ಇನ್ನೂ ಪುಸ್ತಕದಲ್ಲಿದೆ, ತಿದ್ದುವಂತಿಲ್ಲವಲ್ಲ.

ಹೋದ ವರ್ಷ ಮೇಷ್ಟ್ರೇ ಒಂದು ಆಲ್ಬಂ ಮಾಡಿದರು.

ಅವರು ಹಾಡುತ್ತಾರೆ ಅಂತ ನಮಗೆ ಗೊತ್ತಿತ್ತು. ಹಾಡು ಬರೆಯುತ್ತಾರೆ ಅಂತಲೂ ಗೊತ್ತಿತ್ತು. ಒಮ್ಮೆ ಕರೆಂಟು ಹೋಗಿ ಸ್ಪೀಕರು ಸುಮ್ಮನಾದಾಗ ಅವರು ಜಾಲಿ ಮರದ ಮೇಲೆ ತಾವೇ ಕಟ್ಟಿದ ಒಂದು ಹಾಡು ಹೇಳಿದ್ದರು. ಮೈಕಿಲ್ಲ, ಶ್ರುತಿಪೆಟ್ಟಿಗೆಯಿಲ್ಲ. ಎರಡನೇ ಚರಣದಲ್ಲಿ ದನಿ ಮೇಲಕ್ಕೆ ಹತ್ತಬೇಕು. ಅವರಿಗೆ ಪೂರ್ತಿ ಹತ್ತಲಿಲ್ಲ. ಹತ್ತುವ ಜಾಗದಲ್ಲಿ ದನಿ ನಡುಗಿತು, ಸ್ವಲ್ಪ ಸೀಳಿತು, ಅಲ್ಲೇ ನಿಂತಿತು. ನನ್ನ ಮೈಯೆಲ್ಲ ಜುಮ್ಮೆಂದಿತು. ಭಾಯಿ ಕಣ್ಣೊರೆಸಿಕೊಂಡರು. ಆ ದಿನ ಪುಸ್ತಕ ತೆಗೆದಿದ್ದರೆ ನಾನು ಹದಿನಾರು ಬರೆಯುತ್ತಿದ್ದೆನೋ ಏನೋ.

ಅವರ ಅಳಿಯ ದಾವಣಗೆರೆಯಲ್ಲಿ ಸ್ಟುಡಿಯೋ ಗೊತ್ತುಮಾಡಿದ. ಏಳು ಹಾಡು. ಮುಖಚಿತ್ರಕ್ಕೆ ಜಟಿಂಗ ರಾಮೇಶ್ವರ ಬೆಟ್ಟದ ಬಂಡೆಯ ಮೇಲೆ ನಿಂತು, ಶಾಲು ಗಾಳಿಗೆ ಹಾರುವಂತೆ ಫೋಟೋ ತೆಗೆಸಿಕೊಂಡರು. ಆಲ್ಬಂ ಫೋನಿಗೆ ಬಂದ ದಿನ ಮೇಷ್ಟ್ರು ನಮಗೆಲ್ಲ ತಾವೇ ಕರೆಮಾಡಿದರು. "ನಿಮ್ಮ ಮೂರು ಜನದ ಆಣೇನೇ ನಂಗೆ ಮುಖ್ಯ. ಬಾಕಿಯೋರು ಹೊಗಳ್ತಾರೆ, ಬಿಡು" ಅಂದರು. ನಾನು ಅದನ್ನು ನಂಬಿದೆ. ನನ್ನ ತಪ್ಪಿದ್ದರೆ ಅದು ಅಲ್ಲಿದೆ.

ನೇಯುತ್ತ ಕೇಳಿದೆ, ಚೆನ್ನಾಗಿಯೇ ಇತ್ತು. ಮಾರನೆಯ ದಿನ ಮಗ್ಗದಿಂದ ಎದ್ದು, ಕಿವಿಗೆ ಇಯರ್‌ಫೋನು ಸಿಕ್ಕಿಸಿ ಹಿತ್ತಲ ಕಟ್ಟೆಯ ಮೇಲೆ ಕೈಕಟ್ಟಿ ಕೂತು ಕೇಳಿದೆ. ಮೊದಲ ಹಾಡು ಮುಗಿಯುವಷ್ಟರಲ್ಲಿ ಗೊತ್ತಾಗಿಹೋಯಿತು. ಇದು ಮೇಷ್ಟ್ರಲ್ಲ. ಮೂರನೆಯದು ಜಾಲಿ ಮರದ ಹಾಡು. ಎರಡನೇ ಚರಣ ಬಂತು. ದನಿ ಸಲೀಸಾಗಿ ಮೇಲಕ್ಕೆ ಹತ್ತಿ ನೆಟ್ಟಗೆ ನಿಂತಿತು. ನಡುಕ ಇಲ್ಲ, ಸೀಳು ಇಲ್ಲ. ಸ್ಟುಡಿಯೋದವರು ಯಂತ್ರ ಹಾಕಿ ದನಿಗೆ ಇಸ್ತ್ರಿ ಮಾಡಿಬಿಟ್ಟಿದ್ದರು. ಸುತ್ತ ಕೀಬೋರ್ಡು ತುಂಬಿ ಹರಿಯುತ್ತಿತ್ತು. ನನಗೆ ಸಿಟ್ಟು ಬಂತು. ನಿಜ ಹೇಳಬೇಕೆಂದರೆ ಅಳುವೂ ಬಂತು. ಮೂರು ಸಲ ಮತ್ತೆ ಕೇಳಿದೆ, ಎಲ್ಲಾದರೂ ಅವರು ಸಿಕ್ಕಾರೇನೋ ಅಂತ. ಮಾತುಗಳು ಅವರವೇ, ಅವು ಒಳ್ಳೆಯ ಮಾತುಗಳು. ಆ ಮಾತುಗಳಿಗೆ ಆರು. ಬಾಕಿಯದಕ್ಕೆ ಏನೂ ಇಲ್ಲ.

ಆ ಭಾನುವಾರ ಕೋಣೆಯಲ್ಲಿ ಹಬ್ಬದ ಕಳೆ. ಭಾಯಿ ಮಿರ್ಚಿ ಮಂಡಕ್ಕಿ ತರಿಸಿದ್ದರು. ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಕಾನೂನಿನ ಪ್ರಕಾರ ಸಿಸ್ಟರ್ ಮೊದಲು ಹೇಳಬೇಕು. ಹದಿನಾಲ್ಕು ಅಂದಳು, ಕೊಳಲು ತುಂಬ ಹಿಡಿಸಿತು ಅಂದಳು, ಬರೆದಳು. ಮುಂದಿನ ಸರದಿ ನನ್ನದು.

"ಆರು ಸಾ" ಅಂದೆ.

ಭಾಯಿ ಕೈಯಲ್ಲಿದ್ದ ಮಿರ್ಚಿ ಕೈಯಲ್ಲೇ ಉಳಿಯಿತು. ಮೇಷ್ಟ್ರು ಮೊದಲು ನಕ್ಕರು, ತಮಾಷೆ ಅಂದುಕೊಂಡು. ನಾನು ಪೆನ್ನು ತೆಗೆದು ಬರೆಯುವುದನ್ನು ನೋಡಿದ ಮೇಲೆ ಅವರ ಮುಖ ಬದಲಾಯಿತು.

"ಯಾಕೆ?" ಅಂದರು.

"ಕರೆಂಟು ಹೋದಾಗ ಹಾಡಿದ್ರಲ್ಲ, ಅದೇ ಹಾಡು ಇದರಲ್ಲೈತೆ. ನೀವು ಮಾತ್ರ ಇಲ್ಲ. ಎರಡನೇ ಚರಣದಲ್ಲಿ ನಿಮ್ಮ ದನಿ ನಡುಗ್ತೈತೆ ಸಾ. ಅದನ್ನ ಅಳಿಸ್ಯಾರೆ. ಯಾರದೋ ದನಿ ಮಾಡ್ಯಾರೆ."

"ಅದು ನಡುಕ ಅಲ್ಲ, ತಪ್ಪು. ತಪ್ಪನ್ನ ತಿದ್ದಿದ್ರೆ ನಿಂಗೇನು ಕಷ್ಟ?"

"ಆ ತಪ್ಪೇ ಚೆನ್ನಾಗಿತ್ತು."

ಅವರು ಎದ್ದು ನಿಂತರು. ಎಂದೂ ನನ್ನ ಮೇಲೆ ಎತ್ತದ ದನಿಯಲ್ಲಿ, "ಷೆಡ್ಡಿನ ಸದ್ದಲ್ಲಿ ಕಿವಿ ಕೆಡಿಸ್ಕೊಂಡೋಳು ನೀನು. ನಿಂಗೆ ಏನು ಕೇಳ್ಸುತ್ತೆ ಅಂತ ಆಣೆ ಹಾಕೋಕೆ ಕೂರಿಸ್ಕೊಂಡ್ವೋ" ಅಂದರು. ಚಪ್ಪಲಿ ಮೆಟ್ಟಿ ಹೊರಟೇಹೋದರು. ಭಾಯಿ ತಮ್ಮ ಹದಿನೈದನ್ನು ಬರೆದು ಪುಸ್ತಕ ಮುಚ್ಚಿದರು. ಮಿರ್ಚಿ ಯಾರೂ ತಿನ್ನಲಿಲ್ಲ.

ಆ ಮಾತು ನನಗೆ ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ಯಾಕೆಂದರೆ ಆ ಅನುಮಾನ ನನಗೂ ಇತ್ತು. ಒಂದೆರಡು ವರ್ಷದಿಂದ ಎಡಗಡೆ ಕೂತವರ ಮಾತು ಅರ್ಧಂಬರ್ಧ ಕೇಳುತ್ತಿತ್ತು. ಷೆಡ್ಡಿನಲ್ಲಿ ಹನ್ನೊಂದು ವರ್ಷವೂ ಯಂತ್ರಗಳ ಸಾಲು ನನ್ನ ಎಡಕ್ಕೇ ಇತ್ತು. ಯಾರಿಗೂ ಹೇಳಿರಲಿಲ್ಲ. ಮೇಷ್ಟ್ರು ಅಷ್ಟನ್ನು ಗಮನಿಸಿದ್ದರು, ಗಮನಿಸಿ ಇಷ್ಟು ದಿನ ಸುಮ್ಮನಿದ್ದು ಸಿಟ್ಟು ಬಂದಾಗ ತೆಗೆದು ಎಸೆದರು.

ಮುಂದಿನ ಎರಡು ಭಾನುವಾರವೂ ಅವರು ಬರಲಿಲ್ಲ. ಭಾಯಿ ನನಗೆ ಫೋನು ಮಾಡಿ, "ಬೆಹೆನ್, ವಯಸ್ಸಾದೋರು. ಒಂದ್ಸಲ ಸಾರಿ ಅಂದ್ಬಿಡಿ, ಮುಗೀತು" ಅಂದರು. ಏನು ತಪ್ಪು ಮಾಡಿದೆ ಅಂತ ಸಾರಿ ಕೇಳಲಿ ಅಂದೆ. ತಪ್ಪಿನ ಮಾತಲ್ಲ ಅಂದರು. ತಪ್ಪಿಲ್ಲದಿದ್ದರೆ ಸಾರಿಯೂ ಇಲ್ಲ ಅಂದೆ. ಸಿಸ್ಟರ್ ಬೇರೆ ಥರ ಹೇಳಿದಳು. "ಅಕ್ಕಾ, ಆಣೆ ವಿಷ್ಯ ಬಿಡಿ. ಒಂದ್ಸಲ ಕಿವಿ ತೋರ್ಸೋಣ ಬನ್ನಿ" ಅಂದಳು. ಅವಳಿಗೂ ಗೊತ್ತಿತ್ತು ಹಾಗಾದರೆ.

ಅವಳೇ ರಜೆ ಹಾಕಿ ನನ್ನನ್ನು ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋದಳು. ಗಾಜಿನ ಬಾಗಿಲಿನ ಪುಟ್ಟ ಕೋಣೆಯೊಳಗೆ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಕೈಗೊಂದು ಗುಂಡಿ ಕೊಟ್ಟರು. ಸದ್ದು ಕೇಳಿದಾಗ ಒತ್ತಬೇಕು. ಕುಂಯ್ ಅನ್ನುವ ಒಂದೇ ಸ್ವರ, ಒಮ್ಮೆ ಹತ್ತಿರ, ಒಮ್ಮೆ ದೂರ, ಆಮೇಲೆ ಏನೂ ಇಲ್ಲ. ನಾನು ಆಯುಷ್ಯದಲ್ಲಿ ಕೇಳಿದ ಅತಿ ಕೆಟ್ಟ ಆಲ್ಬಂ ಅದು, ಎರಡಾಣೆಗಿಂತ ಹೆಚ್ಚು ಕೊಡಲಾರೆ. ಆದರೆ ಒಳಗೆ ಕೂತಾಗ ತಮಾಷೆ ಇರಲಿಲ್ಲ. ಬಲಗಿವಿಯಲ್ಲಿ ಚಕಚಕ ಒತ್ತಿದೆ. ಎಡಗಿವಿಯ ಸರದಿ ಬಂದಾಗ ಮೊದಮೊದಲು ಒತ್ತಿದೆ, ಆಮೇಲೆ ಕೈಯಲ್ಲಿ ಗುಂಡಿ ಹಿಡಿದುಕೊಂಡು ಕಾಯುತ್ತಾ ಕೂತೆ. ಗಾಜಿನ ಆಚೆ ಯಂತ್ರದ ಮುಂದೆ ಕೂತಿದ್ದ ಹುಡುಗ ಏನೋ ತಿರುಗಿಸುತ್ತಲೇ ಇದ್ದ. ನನಗೆ ನನ್ನ ಉಸಿರು ಬಿಟ್ಟು ಬೇರೇನೂ ಕೇಳಲಿಲ್ಲ.

ಹೊರಗೆ ಬಂದ ಮೇಲೆ ಡಾಕ್ಟರು ಕಾಗದ ತೋರಿಸಿದರು. ಗೆರೆಯೊಂದು ನೆಟ್ಟಗೆ ಬಂದು ಕೊನೆಗೆ ಜಾರಿ ಕೆಳಗೆ ಬಿದ್ದಿತ್ತು. "ಎಡಗಿವೀಲಿ ಸಣ್ಣ ಸ್ವರಗಳು ಹೋಗ್ಯಾವಮ್ಮ. ಹೋಗಿದ್ದು ವಾಪಸ್ ಬರಲ್ಲ. ಇರೋದನ್ನ ಕಾಪಾಡ್ಕಳಿ" ಅಂದರು. ಯಾವ ಸ್ವರಗಳು ಅಂತ ಕೇಳಿದೆ. ಹಕ್ಕಿ ಕೂಗೋದು, ಗೆಜ್ಜೆ, ಕೊಳಲಿನ ಮೇಲಿನ ಭಾಗ ಅಂತ ಏನೇನೋ ಹೇಳಿದರು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಸಿಸ್ಟರ್ ಸುಮ್ಮನೆ ನನ್ನ ಬಲಗಡೆಗೆ ಬಂದು ಕೂತಳು. ನನಗೆ ಭಯವಾಗಿತ್ತು. ಕಿವುಡಿಯಾಗುತ್ತೇನೆ ಅನ್ನುವುದಕ್ಕಿಂತ, ಮೇಷ್ಟ್ರು ಹೇಳಿದ್ದು ನಿಜವಾಯಿತಲ್ಲ ಅನ್ನುವುದು ಹೆಚ್ಚು ಉರಿಯುತ್ತಿತ್ತು.

ಮುಚ್ಚಿಡುವುದು ನನ್ನ ಜಾಯಮಾನವಲ್ಲ. ಮುಂದಿನ ಭಾನುವಾರ ಹೋಗಿ ಭಾಯಿಯ ಮುಂದೆ ಕಾಗದ ಇಟ್ಟೆ. ಎಡಗಿವಿ ಹೀಗೆ ಐತೆ ಅಂತ ಹೇಳಿದೆ. ಅಯ್ಯೋ ಪಾಪ ಅನ್ನುತ್ತಾರೆ ಅಂದುಕೊಂಡಿದ್ದೆ. ಅಂದರು ಕೂಡ. ಆದರೆ ಅದರ ಹಿಂದೆಯೇ ಅವರ ಮುಖ ಹಗುರಾಯಿತು. ದೊಡ್ಡ ಹೊರೆ ಇಳಿಸಿದವರಂತೆ ಉಸಿರು ಬಿಟ್ಟರು.

"ಹಂಗಾದ್ರೆ ಮಾಮ್ಲಾ ಸರಿಹೋಯ್ತಲ್ಲ ಬೆಹೆನ್. ನಿಮ್ದೂ ತಪ್ಪಲ್ಲ, ಮೇಷ್ಟ್ರದ್ದೂ ತಪ್ಪಲ್ಲ. ಕಿವಿ ಕೇಳ್ಸಿಲ್ಲ, ಆಣೆ ಕಮ್ಮಿ ಬಿತ್ತು. ಆ ಆರನ್ನ ಹೊಡೆದು ಹಾಕಿ, ಪಕ್ಕದಲ್ಲಿ ಕಾರಣ ಬರೆದ್ರಾಯ್ತು. ಮೇಷ್ಟ್ರೂ ಬರ್ತಾರೆ."

ಪುಸ್ತಕ ತೆರೆದು, ಪೆನ್ನನ್ನು ನನ್ನ ಕಡೆ ತಳ್ಳಿದರು. ಕೆಟ್ಟ ಮನುಷ್ಯರಲ್ಲ ಅವರು, ನಾಲ್ಕು ಜನ ಮತ್ತೆ ಕೂಡಲಿ ಅನ್ನುವುದಷ್ಟೇ ಅವರ ಆಸೆ. ಒಂದು ಗೆರೆ ಎಳೆದರೆ ಕೋಣೆ ನನಗೆ ಮೊದಲಿನಂತೆ ಸಿಗುತ್ತಿತ್ತು. ಇಂಥ ಗೌರವದ ದಾರಿ ಯಾರಿಗೆ ಸಿಗುತ್ತದೆ? ಪೆನ್ನು ಹಿಡಿದೂಬಿಟ್ಟಿದ್ದೆ. ಹಿಂದಿನ ಹಾಳೆಗಳು ಕಂಡವು. ಎರಡು ವರ್ಷದ ನನ್ನ ಅಂಕಿಗಳೆಲ್ಲ ಸಾಲಾಗಿ ಕೂತಿದ್ದವು, ಹನ್ನೆರಡು, ಹತ್ತು, ಹದಿಮೂರು.

"ಭಾಯಿ, ಇವೆಲ್ಲ ಇದೇ ಕಿವೀಲೇ ಕೇಳಿ ಬರೆದಿದ್ದು. ನಿಮ್ಮ ಕವ್ವಾಲಿಗೆ ಹದಿಮೂರು ಕೊಟ್ಟೆ, ಆವತ್ತು ಕಿವಿ ಸರಿ ಇತ್ತಾ?"

ಭಾಯಿ ಹಾಳೆ ತಿರುವಿ ಕವ್ವಾಲಿಯ ಸಾಲು ಹುಡುಕಿದರು.

"ಹೊಡೀಬೇಕು ಅಂದ್ರೆ ಎಲ್ಲಾನೂ ಹೊಡೆದು ಹಾಕಿ. ನಾನು ಇಲ್ಲಿ ಬಂದೇ ಇಲ್ಲ ಅಂತ ಬರೀರಿ. ಹೊಗಳಿದಾಗ ಕೇಳಿಸ್ತು, ತೆಗಳಿದಾಗ ಕೇಳಿಸಲಿಲ್ಲ ಅಂದ್ರೆ ನಾ ಒಪ್ಪಲ್ಲ."

ಸಿಸ್ಟರ್ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡು ಮುಚ್ಚಿಟ್ಟಳು. "ಅಕ್ಕ ಹೇಳೋದು ಸರಿ" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಆದ್ರೆ ಅಕ್ಕಾ, ನೀವು ಕೊಳಲು ಕೇಳ್ಸಿಕೊಂಡ್ರಾ?" ಅಂತ ಕೇಳಿದಳು. ಕೊಳಲೇ? ನನಗೆ ಆ ಆಲ್ಬಮ್ಮಿನಲ್ಲಿ ಕೊಳಲಿನ ನೆನಪೇ ಅಷ್ಟಾಗಿ ಇರಲಿಲ್ಲ. ಏನೋ ಗಾಳಿಯಂಥದ್ದು ಹಿಂದೆ ಸುಳಿದಂತಿತ್ತು.

ಹಟ ಬೇರೆ, ನ್ಯಾಯ ಬೇರೆ. ಕೇಳದ್ದಕ್ಕೆ ಆಣೆ ಹಾಕಿದ್ದರೆ ಅದೂ ಖೋಟಾ ಆಣೆಯೇ. ಬಲಗಿವಿಗೆ ಇನ್ನೊಮ್ಮೆ ಹಾಕಿ ಅಂದೆ. ಭಾಯಿ ದೊಡ್ಡ ಸ್ಪೀಕರನ್ನು ನನ್ನ ಬಲಕ್ಕೆ ತಿರುಗಿಸಿ ಇಟ್ಟರು. ಏಳು ಹಾಡನ್ನೂ ಹಾಕಿದರು. ಸಿಸ್ಟರ್ ಎದುರಿಗೆ ಕೂತು ಕೊಳಲು ಬಂದಾಗಲೆಲ್ಲ ಬೆರಳೆತ್ತಿದಳು. ಕೊಳಲು ಇತ್ತು, ಇಯರ್‌ಫೋನಿನಲ್ಲಿ ಅದು ಎಡಗಡೆಗಷ್ಟೇ ಬರುತ್ತಿತ್ತಂತೆ. ಚೆನ್ನಾಗಿಯೇ ಇತ್ತು, ಜಾಲಿ ಮರದ ಹಾಡಿನ ಕೊನೆಯಲ್ಲಂತೂ ಕಣ್ಣು ಮುಚ್ಚುವಂತಿತ್ತು. ಅಷ್ಟು ದಿನ ನನ್ನ ಪಾಲಿಗೆ ಇಲ್ಲದೇ ಹೋಗಿದ್ದ ಸ್ವರ ಅದು. ಆದರೆ ಎರಡನೇ ಚರಣ ಬಂದಾಗ ದನಿ ಮತ್ತೆ ಅದೇ ಥರ ಸಲೀಸಾಗಿ ಹತ್ತಿ ನಿಂತಿತು. ಬಲಗಿವಿಗೂ ಅದು ಮೇಷ್ಟ್ರಲ್ಲ.

ಅಲ್ಲಿಂದ ಎದ್ದವಳೇ ಸೀದಾ ಅವರ ಮನೆಗೆ ಹೋದೆ. ಯಾರನ್ನೂ ಜೊತೆಗೆ ಕರೆಯಲಿಲ್ಲ. ಬಾಗಿಲು ತೆರೆದವರು ಅವರ ಹೆಂಡತಿ. ನಲವತ್ತು ವರ್ಷ ಆ ದನಿಯ ಜೊತೆ ಬಾಳಿದವರು. ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, "ಆರಾಣೆ ಕೊಟ್ಟೋಳು ನೀನೇನಾ? ಬಾ, ಒಳಗೆ ಅದಾರೆ" ಅಂದರು. ಕಾಫಿ ಇಡುತ್ತೇನೆ ಅಂತ ಅಡುಗೆಮನೆಗೆ ಹೋದರು.

ಮೇಷ್ಟ್ರು ಪಡಸಾಲೆಯ ಕುರ್ಚಿಯಲ್ಲಿ ಪೇಪರು ಹಿಡಿದು ಕೂತಿದ್ದರು. ತಲೆ ಎತ್ತಲಿಲ್ಲ.

"ಕ್ಷಮೆ ಕೇಳೋಕೆ ಬಂದ್ಯಾ?"

"ಇಲ್ಲ ಸಾ. ಕಿವಿ ತೋರ್ಸಿದೆ. ನೀವು ಹೇಳಿದ್ದು ನಿಜ. ಎಡಗಿವೀಲಿ ಮೇಲಿನ ಸ್ವರ ಹೋಗೈತೆ. ನಿಮ್ಮ ಕೊಳಲು ನಂಗೆ ಕೇಳಿಸಿರಲಿಲ್ಲ."

ಪೇಪರು ಕೆಳಗಿಳಿಯಿತು. ಅವರ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. "ನಾನು ಆ ಮಾತು ಆಡಬಾರದಿತ್ತು" ಅಂದರು, ತೀರ ಸಣ್ಣಗೆ.

"ಆಡಿದ್ದಾಯ್ತು. ಇವತ್ತು ಬಲಗಿವೀಲಿ ಮತ್ತೆ ಕೇಳಿದೆ. ಕೊಳಲು ಚೆನ್ನಾಗೈತೆ. ಕೊಳಲು ಊದಿದೋರು ಆಲ್ಬಂ ಮಾಡಿದ್ರೆ ಒಳ್ಳೆ ಆಣೆ ಕೊಡ್ತೀನಿ. ನಿಮ್ಮದಕ್ಕೆ ಆರೇ."

ಅವರ ಕಿವಿಯ ತುದಿ ಕೆಂಪಾಯಿತು. ಕ್ಲಾಸಿನಲ್ಲಿ ಬೆತ್ತ ಎತ್ತುವ ಮೊದಲು ಹೀಗೇ ಆಗುತ್ತಿತ್ತು. ನಾನು ಹಿಂದೆ ಸರಿಯಲಿಲ್ಲ.

"ಆ ಜಾಲಿ ಮರದ ಹಾಡು ಈಗ ಹೇಳಿ ಸಾ. ಮೈಕಿಲ್ಲದೆ. ನಾನು ಕೇಳ್ತೀನಿ" ಅಂದೆ.

"ಪರೀಕ್ಷೆ ಮಾಡ್ತೀಯೇನೇ ನನ್ನ?"

"ನೀವು ನಂಗೆ ಎರಡು ವರ್ಷ ಮಾಡಿಲ್ವಾ?"

ಹಟಕ್ಕೆ ಹಾಡಿದರು. ಪೇಪರು ಮಡಚಿ ತೊಡೆಯ ಮೇಲಿಟ್ಟು, ಕಣ್ಣು ಮುಚ್ಚಿ ಶುರುಮಾಡಿದರು. ನಾನು ಬಯಸಿದ್ದು ಆವತ್ತಿನ ಹಾಡನ್ನು. ಅದು ಬರಲಿಲ್ಲ. ವಯಸ್ಸು ಅವರ ಉಸಿರನ್ನು ತಿಂದಿತ್ತು, ಸಿಟ್ಟು ಬೇರೆ. ಮೊದಲ ಚರಣದಲ್ಲಿ ಒಂದು ಕಡೆ ಉಸಿರು ಸಾಲದೆ ಪದ ನುಂಗಿಹೋಯಿತು. ಎರಡನೆಯದರಲ್ಲಿ ದನಿ ಮೇಲಕ್ಕೆ ಹತ್ತಲು ಹೋಗಿ ನಡುಗಿತು, ಸೀಳಿತು, ಅಲ್ಲಿಯವರೆಗೆ ಅವರೇ. ಆಮೇಲೆ ಮತ್ತೊಂದು ಕಡೆ ಉಸಿರು ಕಡಿದು, ಸಾಲಿನ ಕೊನೆ ಸಿಗಲೇ ಇಲ್ಲ. ಆದರೂ ಮುಗಿಸಿದರು. ಮುಗಿಸಿ ಕಣ್ಣು ಬಿಟ್ಟು ನನ್ನನ್ನೇ ನೋಡಿದರು. ಆ ನೋಟದಲ್ಲಿ ಏನು ಬೇಡಿಕೆ ಇತ್ತು ಅಂತ ನನಗೆ ಗೊತ್ತು. ಹದಿನಾರು ಅಂದುಬಿಟ್ಟಿದ್ದರೆ ಎಲ್ಲ ಅಲ್ಲಿಗೆ ಸರಿಹೋಗುತ್ತಿತ್ತು. ನನಗೂ ಹಾಗೆ ಹೇಳಬೇಕು ಅಂತ ಎಷ್ಟು ಆಸೆಯಾಯಿತೋ.

"ಒಂಬತ್ತು ಸಾ" ಅಂದೆ.

ಅಡುಗೆಮನೆಯಿಂದ ಅವರ ಹೆಂಡತಿಯ ದನಿ ಬಂತು. "ಎಂಟು. ನನ್ನನ್ನ ಯಾರೂ ಕೇಳಲ್ಲ ಬಿಡು."

ಮೇಷ್ಟ್ರು ಆ ಕಡೆ ಒಮ್ಮೆ ನೋಡಿದರು, ಈ ಕಡೆ ಒಮ್ಮೆ ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ನಿಧಾನವಾಗಿ ಎದ್ದರು. ಕುರ್ಚಿಯನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಬಲಗಡೆಗೆ ತಂದಿಟ್ಟು, ಮೊಳಕಾಲಿಗೆ ಮೊಳಕಾಲು ತಾಗುವಷ್ಟು ಹತ್ತಿರ ಕೂತರು.

"ಎಲ್ಲೆಲ್ಲಿ ತಪ್ಪಿತು, ಹೇಳು" ಅಂದರು.

ಹೇಳಿದೆ.